ಬಿಷ್ಕೆಕ್‌ಗೆ ಹೋದ ಜೀನ್ಸ್ ಕೋಟು

ನವೆಂಬರ್ 18, ಸೋಮವಾರ

ಎಂಬತ್ತು ಪದರ ಜೀನ್ಸ್ ಬಟ್ಟೆ, ಒಂದೇ ಕಟಿಂಗ್. ನೂಲಿನಷ್ಟೂ ಆಚೀಚೆ ಇಲ್ಲ. ಓನರ್ ನೋಡಿ ಸುಮ್ಮನೆ ಹೋದ. ಏನು ಹೇಳುತ್ತಾನೆ, ಬಳ್ಳಾರಿಯಲ್ಲಿ ಇಂಥ ಕೈಯ ಕಟಿಂಗ್ ಮಾಸ್ಟರ್ ಇನ್ನೊಬ್ಬನಿಲ್ಲ.

ಅಂಜನಾ ಬಿಷ್ಕೆಕ್ ಮುಟ್ಟಿ ನಾಲ್ಕು ದಿನ. ಕುರುಗೋಡಿನಲ್ಲಿರುವ ನನ್ನ ಅಕ್ಕ ಚನ್ನವೀರಕ್ಕನ ಒಬ್ಬಳೇ ಮಗಳು. ಡಾಕ್ಟರ್ ಓದಲು ಹೋದವಳು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ, ಅಷ್ಟೇ. ಹಾಗಾದರೆ ಏನು ಮಹಾ ದೂರ...

ಅವಳನ್ನು ಅಲ್ಲಿಗೆ ಕಳಿಸಿದ ಏಜೆಂಟ್ ಸಾಮಾನಿನ ಪಟ್ಟಿಯಲ್ಲಿ ಚಳಿ ಜಾಕೆಟ್ ಬರೆದಿದ್ದ. ಅಂಗಡಿಯಲ್ಲಿ ಮುಟ್ಟಿ ನೋಡಿದೆ — ದಿಂಬಿಗೆ ತೋಳು ಹಚ್ಚಿದ ಹಾಗಿತ್ತು. ಬೇಡ ಅಂದೆ. ಇರುವುದರಲ್ಲೇ ದಪ್ಪ ಡೆನಿಮ್, ಒಳಗೆ ಕಂಬಳಿ, ಮೊಣಕಾಲವರೆಗೆ ಕೋಟು. ನಾನೇ ಕತ್ತರಿಸಿ ನಾನೇ ಹೊಲಿದೆ. ಕುರುಗೋಡು ಸಾಲಿಯಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟವನ ಕೋಟು ಈಗ ಫಾರಿನ್‌ನಲ್ಲಿ ತಿರುಗುತ್ತಿದೆ!

ನವೆಂಬರ್ 20, ಬುಧವಾರ, ಸಂಜೆ 6

ವಿಡಿಯೋ ಕಾಲ್. ರೂಮು ಚಿಕ್ಕದು, ನಾಲ್ಕು ಮಂಚ. ಪಕ್ಕದ ಮಂಚದ ಹುಡುಗಿ ಮೌನಿಕಾ, ಆದೋನಿಯವಳು. ಕನ್ನಡ ಬರುತ್ತದೆ, ಅದೊಂದು ಪುಣ್ಯ.

"ಮಾವ, ಇಲ್ಲಿ ಐದಕ್ಕ ಕತ್ತಲಾಕೈತಿ. ಒಂದು ಬೋರ್ಡೂ ಓದಾಕ ಬರಂಗಿಲ್ಲ. ಬಸ್ಸಿನವ ಏನೋ ಕೇಳ್ದ, ಹೂಂ ಅಂದ್ನಿ. ಎಲ್ಲೋ ಇಳಿಸಿ ಹೋಗಿಬಿಟ್ಟ."

"ಹೂಂ ಅನ್ನೋದು ಅತ್ತಿ ಮನಿಗೆ ಇಟ್ಕೊಳ್ಳವ್ವ, ಬಸ್ಸಿನ್ಯಾಗ ಖರ್ಚು ಮಾಡಬ್ಯಾಡ."

ನಕ್ಕಳು. ನಗುತ್ತಲೇ ಫೋನನ್ನು ಗೋಡೆಗೆ ತಿರುಗಿಸಿದಳು. ಬರೀ ಗೋಡೆ, ಮೂಗೆಳೆದ ಸದ್ದು.

"ನೆಟ್‌ವರ್ಕ್ ಸರಿ ಇಲ್ಲ ಮಾವ."

ಹೌದವ್ವ, ನಮ್ಮ ಕಡೆಯೂ ಸರಿ ಇಲ್ಲ ಅಂದೆ.

"ಕೋಟು?"

"ಬೆಚ್ಚಗೈತಿ."

ನವೆಂಬರ್ 23, ಶನಿವಾರ

ಹೊಲಿಗೆ ಮಶೀನಿನ ಎರ್ರೆಪ್ಪ ಊಟದ ಹೊತ್ತಿಗೆ ಶುರು ಮಾಡಿದ. "ಮಾಸ್ಟ್ರೇ, ಬಳ್ಳಾರಿ ಬಿಸಲಾಗ ಬೆಂದೋರು ನೀವು. ಚಳಿ ಅಂದ್ರ ನಿಮಗ ಫ್ರಿಜ್ ಬಾಗಲಾ ತೆಗದಂಗ. ಆ ಹುಡುಗಿ ಬರ್ಫದಾಗ ನಿಂತ ಫೋಟೋ ತೋರಿಸ್ರಿ, ಆಗ ನಿಮ್ಮ ಕೋಟು ನಂಬ್ತೀವಿ."

ಇಡೀ ಯೂನಿಟ್ ನಕ್ಕಿತು. ಅಲ್ಲೇ, ಅವರೆದುರಿಗೇ ಅಂಜನಾಗೆ ಫೋನ್ ಹಚ್ಚಿ, ಕೋಟು ಹಾಕಿ ಬರ್ಫದಲ್ಲಿ ನಿಂತ ಫೋಟೋ ಕಳಿಸು ಅಂದೆ.

"ಒಂದೀಟು ನೆಗಡಿ ಆಗೇತಿ ಮಾವ. ಎರಡು ದಿನ ತಡಿ."

"ನನ್ನ ಕೋಟು ಹಾಕ್ಕೊಂಡು ನಿಂದರು, ನೆಗಡಿ ತಾನ ಓಡಿ ಹೋಕ್ಕೈತಿ."

ನವೆಂಬರ್ 24, ಭಾನುವಾರ

ಬಂತು! ಸುತ್ತ ಹಿಂಜಿದ ಹತ್ತಿಯಂಥ ಹಿಮ, ಬರ್ಫ. ನಡುವೆ ನಮ್ಮ ಹುಡುಗಿ, ನನ್ನ ಕೋಟು. ನಗುತ್ತಿದ್ದಾಳೆ. ಕಾಲರ್ ಏನು ನಿಂತಿದೆ! ಸ್ಟೇಟಸ್‌ಗೆ ಹಾಕಿದೆ. ಅಕ್ಕನಿಗೆ ಕಳಿಸಿದೆ. ಚಹಾದ ಅಂಗಡಿಯವನಿಗೂ ತೋರಿಸಿದೆ.

ನವೆಂಬರ್ 25, ಸೋಮವಾರ

ಎರ್ರೆಪ್ಪ ಫೋಟೋ ನೋಡಿ ಕೈಮುಗಿದ. ಮಧ್ಯಾಹ್ನ ಸಿರುಗುಪ್ಪದ ವಿರೂಪಾಕ್ಷಪ್ಪನ ಫೋನ್ — ದೂರದ ಸಂಬಂಧಿ. ಅವನ ಮಗಳೂ ಜನವರಿಗೆ ಅದೇ ಊರಿಗೆ ಹೊರಟಿದ್ದಾಳೆ. ಸ್ಟೇಟಸ್ ನೋಡಿದನಂತೆ. ಥೇಟ್ ಅಂಥದ್ದೇ ಕೋಟು ಬೇಕಂತೆ. ಅಳತೆ ಕಳಿಸು ಅಂದೆ.

ನವೆಂಬರ್ 29, ಶುಕ್ರವಾರ

ಮೂರು ದಿನದಿಂದ ಅಂಜನಾ ಫೋನ್ ಎತ್ತಿಲ್ಲ. ಇವತ್ತು ಮೌನಿಕಾ ಎತ್ತಿದಳು.

"ಅಂಕಲ್, ಅಂಜನಾ ಆಸ್ಪತ್ರ್ಯಾಗ ಅದಾಳ್ರಿ. ನ್ಯುಮೋನಿಯಾ. ಆಕ್ಸಿಜನ್ ಹಚ್ಚ್ಯಾರ. ಅವ್ರ ಅಮ್ಮಗ ಹೇಳಬ್ಯಾಡ ಅಂದಾಳ. ಅವ್ರು ಫೋನ್ ಮಾಡಿದ್ರ ಪರೀಕ್ಷೆ ಐತಿ ಅಂತ ಸುಳ್ಳು ಹೇಳೀನಿ."

ಹೇಗೆ, ಯಾವಾಗ... ಕೇಳಿದೆ. ಹೇಳಲು ಹಿಂಜರಿದಳು. ಒತ್ತಾಯ ಮಾಡಿದೆ.

ದಿನಾ ಮೌನಿಕಾಳ ಎರಡನೇ ಜಾಕೆಟ್ ಹಾಕಿಕೊಂಡೇ ಕ್ಲಾಸಿಗೆ ಹೋಗುತ್ತಿದ್ದಳಂತೆ. ಭಾನುವಾರ ಮೈಯಲ್ಲಿ ಜ್ವರ. ನಾನು ಕೇಳಿದ್ದೇನೆಂದು ಜಾಕೆಟ್ ಬಿಚ್ಚಿಟ್ಟು ನನ್ನ ಕೋಟು ಹಾಕಿ ಮೌನಿಕಾಳ ಜೊತೆ ಪಾರ್ಕಿಗೆ ನಡೆದಳು. ಬರ್ಫ ಕರಗಿ ಬಟ್ಟೆಗೆ ಇಳಿಯಿತು. ಡೆನಿಮ್ ನೀರು ಕುಡಿಯುತ್ತದೆ — ನನಗೆ ಗೊತ್ತಿಲ್ಲದ್ದೇ? ಮೂವತ್ತು ವರ್ಷ ಅದನ್ನೇ ತೊಳೆಯಲು ಕಳಿಸಿದವನು ನಾನು. ವಾಪಸ್ ಬರುವಾಗ ಬಸ್ ತಪ್ಪಿತು. ಮುಕ್ಕಾಲು ಗಂಟೆ ನಡೆದರು.

"ರೂಮಿಗೆ ಬಂದು ಬಿಚ್ಚಿದ್ವಿ ಅಂಕಲ್. ಕೋಟು ಹೆಪ್ಪುಗಟ್ಟಿ ನೆಲದ ಮ್ಯಾಲ ತಾನ ನಿಂತಿತ್ತು. ಹಲಗಿ ಹಂಗ."

ನವೆಂಬರ್ 30, ಶನಿವಾರ

ಅಂಜನಾ ಎರಡು ಮಾತಾಡಿದಳು. ಮಾತಿಗಿಂತ ಉಸಿರೇ ಹೆಚ್ಚು.

"ಮಾವ, ಎಲ್ಲಾರೂ ಏನಂದ್ರು? ಫೋಟೋ ನೋಡಿ."

ಚಂದ ಐತಿ ಅಂದ್ರವ್ವ ಅಂದೆ.

ಡಿಸೆಂಬರ್ 2, ಸೋಮವಾರ, ಮಧ್ಯಾಹ್ನ

ಕತ್ತರಿ ಮುಟ್ಟಿಲ್ಲ. ಜ್ವರ ಇಳಿದಿಲ್ಲವಂತೆ.

ವಿರೂಪಾಕ್ಷಪ್ಪನ ಫೋನ್, ಮಗಳ ಅಳತೆ ಹಿಡಿದುಕೊಂಡು. ನಂದು ಬ್ಯಾಡ್ರಿ, ಅಂಗಡಿದು ಕೊಡಸ್ರಿ ಅಂದೆ.

"ಯಾಕ್ರಿ ಮಾಸ್ಟ್ರೇ? ಫೋಟೋ ಬಂದ ಮ್ಯಾಲ ದೊಡ್ಡೋರಾದ್ರಿ. ನಮ್ಮಂಥವ್ರಿಗೆ ಹೊಲಿಯಂಗಿಲ್ಲ!"

ಸೊಕ್ಕು ಅಂದುಕೊಂಡ. ಸುಮ್ಮನಿದ್ದರೆ ಬೇರೆ ಟೇಲರ್ ಹತ್ತಿರ ಅಂಥದ್ದೇ ಹೊಲಿಸುತ್ತಾನೆ, ಫೋಟೋ ತೋರಿಸಿ.

"ಅದನ್ನ ಹಾಕ್ಕೊಂಡ ಹುಡುಗಿ ಆಸ್ಪತ್ರ್ಯಾಗ ಮಲಗೇತ್ರಿ," ಅಂದೆ.

ಹೇಳಿಬಿಟ್ಟೆ. ಇನ್ನು ಸಂಜೆಯೊಳಗೆ ಸುದ್ದಿ ಸಿರುಗುಪ್ಪದಿಂದ ಕುರುಗೋಡಿಗೆ ಹೋಗುತ್ತದೆ. ಅಕ್ಕನಿಗೆ ಬೇರೆಯವರ ಬಾಯಿಂದ ತಿಳಿಯಬಾರದು. ಬಸ್ ಹತ್ತುತ್ತಿದ್ದೇನೆ.

ಅದೇ ದಿನ, ಸಂಜೆ, ಕುರುಗೋಡು

ಅಕ್ಕನಿಗೆ ಎಲ್ಲಾ ಹೇಳಿದೆ. ಜಾಕೆಟ್ ಬೇಡ ಅಂದದ್ದು, ನೆಗಡಿ ಅಂದರೂ ಬರ್ಫದಲ್ಲಿ ನಿಲ್ಲಿಸಿದ್ದು, ಎಲ್ಲಾ. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

"ಉಸಿರು ಆಡ್ತಾಳೇನು?"

"ಆಡ್ತಾಳ. ಆಕ್ಸಿಜನ್ ಇನ್ನೂ ತೆಗದಿಲ್ಲ."

ನೆಲಕ್ಕೆ ಬಿದ್ದ ಜೋಳ ಆರಿಸಿ ಮೊರಕ್ಕೆ ಹಾಕಿದಳು.

"ಫೋಟೋ ಬಂದ ದಿನಾನ ನೋಡಿದ್ನೆಪ್ಪ. ತುಟಿ ನೀಲಿ ಆಗಿದ್ವು. ಫೋನ್ ಮಾಡಿದ್ನಿ, ಆರಾಮ ಅದೀನಿ ಅಂದ್ಳು. ನಿನಗ ಕೇಳೂಣಂದ್ರ... ನೀ ಬಲು ಖುಷ್ಯಾಗಿದ್ದಿ."

ಒಳಗೆ ಹೋದಳು. ಮೌನಿಕಾಳ ಜೊತೆ ಮಾತಾಡುತ್ತಿದ್ದಾಳೆ, ಕೇಳಿಸುತ್ತಿದೆ. ನಾನು ಕಟ್ಟೆಯ ಮೇಲೆ.

ಫೋನಿನಲ್ಲಿ ಆ ಫೋಟೋ ತೆರೆದೆ. ಇಷ್ಟು ಜನಕ್ಕೆ ತೋರಿಸಿದೆ, ಇಷ್ಟು ಸಲ ನೋಡಿದೆ. ಎರಡು ಬೆರಳಿಟ್ಟು ಮುಖ ದೊಡ್ಡದು ಮಾಡಿದೆ. ಅವಳ ತುಟಿ ನೀಲಿ. ನಾನು ನೋಡಿದ್ದು ಬರೀ ಕಾಲರ್.