ಮಕ್ಕಳು: ಇಲ್ಲ

ಬಟವಾಡಿ, ತುಮಕೂರು
24 ನವೆಂಬರ್ 2024, ಭಾನುವಾರ

ಪುಟ್ಟಿಯ ಅಪ್ಪನಿಗೆ,

ತೇಜಸ್ವಿನಿ ಬರೆಯುತ್ತಿರುವುದು. ಹೇಗಿದ್ದೀರಿ? ದೋಹಾದಲ್ಲಿ ಈಗ ಬಿಸಿಲು ಸ್ವಲ್ಪ ಇಳಿದಿರಬೇಕು. ಎಸಿ ರಿಪೇರಿಗೆಂದು ಏಣಿ ಹತ್ತಿ ಇಳಿದು ಹಿಡಿದುಕೊಂಡಿದ್ದ ಸೊಂಟನೋವು ಈಗ ಹೇಗಿದೆ? ನಾನು ಕೊಟ್ಟು ಕಳಿಸಿದ ಬೆಲ್ಟು ಕಟ್ಟಿಕೊಳ್ಳುತ್ತಿದ್ದೀರಾ? ಪ್ರೀತಿ ಉಕ್ಕಿ ಕೇಳುತ್ತಿದ್ದಾಳೆ ಎಂದುಕೊಳ್ಳಬೇಡಿ. ಹನ್ನೆರಡು ವರ್ಷದಿಂದ ವಾರ್ಡಿನಲ್ಲಿ ಎದುರಿಗೆ ಬಂದವರನ್ನೆಲ್ಲ ಕೇಳಿ ಕೇಳಿ ರೂಢಿಯಾಗಿರುವ ಪ್ರಶ್ನೆಗಳಿವು. ಯಾರ ಕೈಕಾಲು ನೋಯುತ್ತಿದ್ದರೂ ಕೇಳುತ್ತೇನೆ, ನಿಮ್ಮದನ್ನೂ ಕೇಳಿದೆ. ಇಲ್ಲಿ ಪುಟ್ಟಿಗೆ ನೆಗಡಿಯಾಗಿತ್ತು, ವಾಸಿಯಾಗಿದೆ. ನಿಮ್ಮ ತಾಯಿ ಮಂಡಿನೋವೊಂದು ಬಿಟ್ಟರೆ ಚೆನ್ನಾಗಿದ್ದಾರೆ. ಅವರ ವಿಷಯ ಮುಂದೆ ಬರೆಯುತ್ತೇನೆ.

ಈ ಕಾಲದಲ್ಲಿ ಕಾಗದ ಬರೆಯುವುದೇನು ಎಂದು ನಿಮ್ಮ ರೂಮಿನವರು ನಗಬಹುದು, ನಗಲಿ. ಹದಿಮೂರು ದಿನದಿಂದ ನೀವು ನನ್ನ ಫೋನ್ ಎತ್ತಿಲ್ಲ. ವಾಟ್ಸಾಪಿನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ವಾಯ್ಸ್ ಮೆಸೇಜ್ ಹಾಕಿದರೆ ಆರು ಜನರ ನಡುವೆ ಜೋರಾಗಿ ಹಾಕಿಕೊಂಡು ಕೇಳುತ್ತೀರಿ ಎಂಬುದು ನನಗೆ ಗೊತ್ತು; ಹೋದ ವರ್ಷ ಪುಟ್ಟಿಯ ಸ್ಕೂಲಿನ ವಿಚಾರಕ್ಕೆ ನಾನು ಅತ್ತು ಕಳಿಸಿದ್ದನ್ನು ಹಾಗೆಯೇ ಕೇಳಿಸಿದ್ದಿರಿ. ನಿಮ್ಮ ಜೊತೆ ಕೆಲಸ ಮಾಡುವ ಅಂಜನಮೂರ್ತಿ ರಜೆ ಮುಗಿಸಿ ಬುಧವಾರ ಹೊರಡುತ್ತಾರಂತೆ. ಲಕೋಟೆ ಅಂಟಿಸಿ ಅವರ ಕೈಯಲ್ಲಿ ಕೊಡುತ್ತೇನೆ. ಒಬ್ಬರೇ ಓದಿಕೊಳ್ಳಿ. ಎಲ್ಲರೆದುರು ಓದಿದರೂ ಸರಿಯೇ, ನಾಚಿಕೆಪಡುವ ಕೆಲಸವನ್ನು ನಾನೇನೂ ಮಾಡಿಲ್ಲ.

ಯಾವ ದೇಶಕ್ಕೆ ಹೋಗಬೇಕು ಎಂಬ ಮಾತು ನಮ್ಮ ಮನೆಯಲ್ಲಿ ನಿನ್ನೆ ಮೊನ್ನೆಯದಲ್ಲ. ನೀವು ದೋಹಾಕ್ಕೆ ಹೋದ ವರ್ಷವೇ ನನ್ನನ್ನೂ ಅಲ್ಲಿಗೆ ಕರೆಸಿಕೊಳ್ಳುತ್ತೇನೆ, ಯಾರದೋ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸವಿದೆ ಅಂದಿರಿ. ಆಮೇಲೆ ಯಾರೋ ಸ್ನೇಹಿತ ಕೆನಡಾಕ್ಕೆ ಹೋದ, ನಮಗೂ ಕೆನಡಾವೇ ಆಯಿತು. ಅಲ್ಲಿ ಬಾಡಿಗೆ ಮನೆ ಸಿಗುವುದಿಲ್ಲವೆಂದು ಅವನೇ ಗೋಳಾಡಿದ ಮೇಲೆ ನ್ಯೂಜಿಲೆಂಡ್. ಒಂದು ವಿಡಿಯೋ ನೋಡಿ ದೇಶ ಗೊತ್ತು ಮಾಡುತ್ತಿದ್ದಿರಿ, ಇನ್ನೊಂದು ವಿಡಿಯೋ ನೋಡಿ ಬಿಡುತ್ತಿದ್ದಿರಿ. ಇಷ್ಟು ದೇಶ ಸುತ್ತಿದರೂ ನಿನಗೆ ಎಲ್ಲಿ ಇರಲು ಇಷ್ಟ ಎಂದು ಒಂದು ದಿನವೂ ಕೇಳಲಿಲ್ಲ. ಇಲ್ಲೇ ಇರಲು ಇಷ್ಟವೇ ಎಂದೂ ಕೇಳಲಿಲ್ಲ. ಹೋಗಲೇಬೇಕೆಂಬ ಹಟ ನನಗೂ ಇರಲಿಲ್ಲ. ಇಪ್ಪತ್ತೆಂಟು ಹಾಸಿಗೆಯ ವಾರ್ಡಿಗೆ ಇಬ್ಬರು ನರ್ಸುಗಳು ಓಡಾಡಿ ಓಡಾಡಿ, ಒಂದು ದಿನ ಒಬ್ಬ ಅಜ್ಜಿಗೆ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಕೊಡಲಾಗದೆ ಅವರ ಮಗನಿಂದ ಬಾಯಿಗೆ ಬಂದ ಹಾಗೆ ಬೈಸಿಕೊಂಡ ಮೇಲೆ, ಈ ಕೆಲಸವನ್ನು ಕೆಲಸದ ಹಾಗೆ ಮಾಡಲು ಬಿಡುವ ಜಾಗ ಎಲ್ಲಾದರೂ ಇದೆಯೇ ಎಂದು ಹುಡುಕತೊಡಗಿದೆ, ಅಷ್ಟೇ.

ಹುಡುಕಿದಾಗ ಜರ್ಮನಿ ಸಿಕ್ಕಿತು. ನೀವು ನಕ್ಕಿರಿ. ಬೆಳಗ್ಗೆ ಐದೂವರೆಗೆ ಎದ್ದು, ಡ್ಯೂಟಿಗೆ ಹೋಗುವ ಮುಂಚೆ ಮೊಬೈಲಿನಲ್ಲಿ ಕ್ಲಾಸು ಕೇಳಿ, ಮೇಜು ಗಂಡು, ಬಾಗಿಲು ಹೆಣ್ಣು, ಹುಡುಗಿ ಮಾತ್ರ ಎರಡೂ ಅಲ್ಲ ಎಂಬ ಆ ಭಾಷೆಯನ್ನು ಒಂದೂವರೆ ವರ್ಷ ಬಾಯಿಪಾಠ ಮಾಡಿದೆ. ಪುಟ್ಟಿ ನನ್ನ ಪಕ್ಕ ಕೂತು ಹಾಲು ಕುಡಿಯುತ್ತಾ ನನಗಿಂತ ಬೇಗ ಕಲಿತಳು. ಎರಡು ಪರೀಕ್ಷೆ ಪಾಸಾದೆ ಎಂದು ಫೋನಿನಲ್ಲಿ ಹೇಳಿದಾಗ, 'ಆ ಭಾಷೆ ಕಟ್ಕಂಡು ಏನ್ಮಾಡ್ತೀಯ, ಇಂಗ್ಲಿಷ್ ದೇಶ ನೋಡು' ಅಂದಿರಿ. ಹಾಗಲವಾಡಿಗೆ ಹೋಗಿ ನಮ್ಮ ಅಪ್ಪನನ್ನು ಕೇಳಿದೆ. ಅವರು ಗುಬ್ಬಿಯಿಂದಾಚೆಗೆ ಹೆಚ್ಚು ಓಡಾಡಿದವರಲ್ಲ. ಆದರೂ ಎರಡೇ ಪ್ರಶ್ನೆ ಕೇಳಿದರು. ಆ ದೇಶದಲ್ಲಿ ನಿನ್ನನ್ನು ನರ್ಸ್ ಅಂತ ತಗೋತಾರ? ಮಗೂನ ಜೊತೇಲಿ ಬಿಡ್ತಾರ? ಎರಡಕ್ಕೂ ಹೂಂ ಅಂದೆ. ಹಾಗಾದರೆ ನಿನ್ನ ಗಂಡ ಲಕ್ಷ್ಮೀಕಾಂತನ ಜೊತೆ ಕೂತು ಮಾತಾಡು ಅಂದರು. ಗೌರಿ ಹಬ್ಬಕ್ಕೆ ನೀವು ರಜೆಯಲ್ಲಿ ಬಂದಾಗ ಮಾತಾಡೋಣ ಎಂದು ಕಾದೆ. ಬಂದಿರಿ. ನಾನು ಬಾಯಿ ತೆರೆಯುವ ಮೊದಲೇ, ಸರ್ಕಾರಿ ಸ್ಟಾಫ್ ನರ್ಸ್ ಹುದ್ದೆಗೆ ಅರ್ಜಿ ಕರೆಯುತ್ತಾರಂತೆ, ಒರಿಜಿನಲ್ ಸರ್ಟಿಫಿಕೇಟುಗಳನ್ನೆಲ್ಲ ಕೊಡು, ನಾನೇ ಅಟೆಸ್ಟ್ ಮಾಡಿಸಿ ಇಡುತ್ತೇನೆ ಅಂದಿರಿ. ಇವರಿಗೂ ನಾನು ಇಲ್ಲೇ ಇರುವುದು ಇಷ್ಟವಿರಬಹುದು ಎಂದು ಆವತ್ತು ನನಗೆ ಸಂತೋಷವೇ ಆಯಿತು. ಫೈಲನ್ನು ನಾನೇ ತೆಗೆದು ನಿಮ್ಮ ಕೈಗೆ ಕೊಟ್ಟೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ದೀಪಾವಳಿ ಮುಗಿದ ಮೇಲೆ ಒಂದು ಬೆಳಗ್ಗೆ, ಡ್ಯೂಟಿಯಲ್ಲಿದ್ದಾಗ ಕುಣಿಗಲ್ಲಿನಿಂದ ಒಬ್ಬ ಏಜೆಂಟ್ ಫೋನ್ ಮಾಡಿದ. ಕಂಗ್ರಾಜುಲೇಷನ್ಸ್ ಮೇಡಂ, ಇಂಗ್ಲೆಂಡಿನ ವೃದ್ಧಾಶ್ರಮದಲ್ಲಿ ನಿಮಗೆ ಕೇರ್ ವರ್ಕರ್ ಕೆಲಸ ಆಗಿದೆ, ಜನವರಿಗೆ ಹೊರಡಬಹುದು ಅಂದ. ರಾಂಗ್ ನಂಬರ್ ಅಂದುಕೊಂಡೆ. ಅವನು ನನ್ನ ಹೆಸರು, ನಾನು ಓದಿದ ಕಾಲೇಜು, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ನಂಬರು ಎಲ್ಲವನ್ನೂ ಓದಿ ಹೇಳಿದ. ತಕ್ಷಣ ನಿಮಗೆ ಫೋನ್ ಮಾಡಿದೆ. ನೀವು ಹೇಳಿದ್ದು ಒಂದೊಂದು ಅಕ್ಷರವೂ ನೆನಪಿದೆ. 'ಮೊದ್ಲು ನೀನ್ ಹೋಗು. ಪುಟ್ಟೀನ ಅವ್ವ ನೋಡ್ಕತಾಳೆ. ಅಲ್ಲಿ ಸೆಟ್ಲಾದ್ಮೇಲೆ ಮುಂದಿಂದು ನೋಡಣ.' ಆಮೇಲೆ ಕಟ್ ಮಾಡಿದಿರಿ. ಆ ದೇಶದ ಸರ್ಕಾರದ ವೆಬ್‌ಸೈಟ್ ತೆಗೆದು ನೋಡಿದೆ. ಆ ಕೆಲಸಕ್ಕೆ ಹೊಸದಾಗಿ ಹೋಗುವವರು ಗಂಡನನ್ನಾಗಲಿ ಮಕ್ಕಳನ್ನಾಗಲಿ ಕರೆದುಕೊಂಡು ಹೋಗುವ ಹಾಗಿಲ್ಲ. ಈ ವರ್ಷದ ಮಾರ್ಚಿನಿಂದ ಆ ನಿಯಮವಿದೆ. ಮತ್ತೆ ಹತ್ತು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಮಾರನೆಯ ದಿನ ರಜೆ ಹಾಕಿ ಹೆಬ್ಬೂರಿಗೆ ಹೋದೆ. ನಿಮ್ಮ ತಾಯಿ ದೀಪಾವಳಿಯಿಂದಲೇ ನನ್ನ ಜೊತೆ ಸರಿಯಾಗಿ ಮಾತಾಡುತ್ತಿರಲಿಲ್ಲ. ಕಾರಣ ತಿಳಿಯದೆ ನಾನೂ ಮುಖ ಬಿಗಿದುಕೊಂಡಿದ್ದೆ. ಆವತ್ತೂ ಅವರು ಒಂದು ಲೋಟ ನೀರು ತಂದು ಕುಕ್ಕಿ, ಹಸುವಿಗೆ ಹುಲ್ಲು ಹಾಕುವ ನೆಪದಲ್ಲಿ ಹಿತ್ತಲಿಗೆ ಹೋದರು. ನಾನು ಹಿಂದೆಯೇ ಹೋಗಿ ನಿಂತೆ. ಆಗ ಬೆನ್ನು ತಿರುಗಿಸಿಕೊಂಡೇ ಹೇಳಿದರು: 'ಮಗೀನ ನನ್ ಮಡ್ಲಿಗಾಕಿ ಒಬ್ಳೇ ಫಾರಿನ್ನಿಗೋಯ್ತೀನಿ ಅಂತ ಕುಂತಿದೀಯಂತೆ. ಎಂಟು ವರ್ಷದ ಮಗು ಅದು. ಹೆತ್ತ ಕರುಳಿಗೆ ಏನೂ ಅನ್ನಿಸ್ಲಿಲ್ವೇನವ್ವ?' ಯಾರು ಹೇಳಿದ್ದು ಎಂದು ಕೇಳಿದೆ. ನೀವೇ ಹೇಳಿದ್ದು. ತೇಜು ಹಟ ಹಿಡಿದವಳೆ, ಎಷ್ಟು ಹೇಳಿದ್ರೂ ಕೇಳ್ತಿಲ್ಲ ಎಂದು ಅವರ ಹತ್ತಿರ ಫೋನಿನಲ್ಲಿ ನಿಟ್ಟುಸಿರು ಬಿಟ್ಟಿದ್ದೀರಿ. ಹುಲ್ಲಿನ ಪಕ್ಕದಲ್ಲೇ ಕೂತು ಅವರಿಗೆ ಎಲ್ಲವನ್ನೂ ಹೇಳಿದೆ, ಸರ್ಟಿಫಿಕೇಟ್ ತೆಗೆದುಕೊಂಡು ಹೋದದ್ದರಿಂದ ಹಿಡಿದು. ಸಾಯಂಕಾಲ ನಾನು ಹೊರಟಾಗ, ನಾಳೆ ಬೆಳಗ್ಗೆ ಕುಣಿಗಲ್ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿ, ಇಲ್ಲಿ ಹತ್ತುತ್ತೇನೆ ಅಂದರು.

ಹತ್ತಿದರು. ಒಳ್ಳೆಯ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ಕಿಟಕಿಯ ಕಡೆಗೇ ನೋಡುತ್ತಿದ್ದರು. ಏಜೆಂಟನ ಆಫೀಸು ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಏಜೆಂಟು ನಿಮ್ಮ ವಯಸ್ಸಿನವನೇ, ನಗುಮುಖದವನು. ನನ್ನ ಸರ್ಟಿಫಿಕೇಟು ನನಗೆ ಕೊಡಿ ಅಂದದ್ದಕ್ಕೆ, ಫೈಲು ಕಾಂತಣ್ಣನ ಹೆಸರಲ್ಲಿದೆ ಮೇಡಂ, ಅವರೇ ಹೇಳಬೇಕು ಅಂದ. ನನ್ನ ಸಹಿ ಇಲ್ಲದೆ ನನ್ನ ಹೆಸರಿನಲ್ಲಿ ಅರ್ಜಿ ಹೇಗೆ ಹಾಕಿದಿರಿ ಎಂದು ಕೇಳಿದೆ. ಸಹಿ ಇದೆಯಲ್ಲ ಎಂದು ಕಾಗದ ತೆಗೆದು ತೋರಿಸಿದ. ಇತ್ತು. ಇಂಗ್ಲಿಷಿನಲ್ಲಿ, ಕೆಳಗೊಂದು ಗೆರೆ ಎಳೆದು. ಎಸ್ಸೆಸ್ಸೆಲ್ಸಿಯಿಂದ ನಾನು ಕನ್ನಡದಲ್ಲೇ ಸಹಿ ಮಾಡುವವಳು. ಪುಟ್ಟಿ ಹುಟ್ಟಿದಾಗ ಆಸ್ಪತ್ರೆಯಲ್ಲಿ, ಈ ಮನೆಯ ಕರಾರಿನಲ್ಲಿ, ಬ್ಯಾಂಕಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು ಸಹಿ ಮಾಡಿದ್ದೇನೆ. ಹೆಂಡತಿಯ ಸಹಿ ಯಾವ ಭಾಷೆಯಲ್ಲಿದೆ ಎಂಬುದನ್ನು ಹನ್ನೊಂದು ವರ್ಷದಲ್ಲಿ ನೀವು ನೋಡಿಲ್ಲ.

ಅತ್ತೆ, ಅದರಲ್ಲಿ ಇನ್ನೇನು ಬರೆದವನೆ ಪೂರ್ತಿ ಓದು ಅಂದರು. ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಾ ಬಂದೆ. ಹೆಸರು, ಹುಟ್ಟಿದ ದಿನ, ವಿಳಾಸ. ಮದುವೆ: ಆಗಿದೆ. ಮಕ್ಕಳು ಎಂಬ ಕಡೆ ಬಂದಾಗ ಓದುವುದನ್ನು ನಿಲ್ಲಿಸಿ ಆ ಸಾಲನ್ನು ಇನ್ನೊಮ್ಮೆ ನೋಡಿದೆ. 'ಯಾಕ್ ನಿಲ್ಲಿಸ್ದೆ, ಓದವ್ವ' ಅಂದರು. ಮಕ್ಕಳು ಇಲ್ಲ ಅಂತ ಬರೆದಿದೆ ಅತ್ತೆ ಅಂದೆ. ಏಜೆಂಟು ನಡುವೆ ಬಾಯಿ ಹಾಕಿ, ಅದು ಸುಮ್ಮನೆ ಫಾರ್ಮಾಲಿಟಿ, ಚಿಕ್ಕ ಮಗು ಇದೆ ಅಂದರೆ ಕಂಪನಿಯವರು ಹಿಂದೆಮುಂದೆ ನೋಡುತ್ತಾರೆ, ಕಾಂತಣ್ಣನೇ ಹಾಗೆ ಬರೆಯಿರಿ ಅಂದರು ಎಂದ. ನಿಮ್ಮ ತಾಯಿ ಅವನ ಕಡೆ ತಿರುಗಿದರು. 'ನಮ್ಮನೇಲಿ ಆ ಮಗೀಗೆ ತೊಟ್ಲು ಕಟ್ದೋಳು ನಾನು. ಈಗ ಇಲ್ಲ ಅಂತ ಬರ್ಕಂಡಿದೀರ. ಇವಳ್ ಕಾಗ್ದ ಇವಳಿಗ್ ಕೊಡಪ್ಪ. ಕೊಡಗಂಟ ನಾನಿಲ್ಲೇ ಕುಂತಿರ್ತೀನಿ' ಅಂದವರೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟರು. ಜಗಳವಾಡಲಿಲ್ಲ, ದನಿ ಏರಿಸಲಿಲ್ಲ. ಮೆಟ್ಟಿಲು ಹತ್ತಿ ಬಂದವರನ್ನೆಲ್ಲ ಯಾವೂರಪ್ಪ ಎಂದು ವಿಚಾರಿಸಿ, ನಿಮಗೆ ಮಕ್ಕಳಿದ್ದಾರಾ, ಇಲ್ಲಿ ಅರ್ಜಿಯಲ್ಲಿ ಇಲ್ಲ ಅಂತ ಬರೆಯುತ್ತಾರೆ, ನೋಡಿಕೊಂಡು ಕೊಡಿ ಎಂದು ಸಮಾಧಾನವಾಗಿ ಹೇಳಿದರು. ಮೂರು ಜನ ಹಾಗೇ ಇಳಿದು ಹೋದರು. ನಾಲ್ಕನೆಯವರು ಬರುವ ಹೊತ್ತಿಗೆ ಏಜೆಂಟು ಬೀರು ತೆಗೆದ. ಒಂದೂ ಬಿಡದೆ ಎಣಿಸಿಕೊಂಡೆ, ಎಲ್ಲವೂ ಇದ್ದವು. ಅರ್ಜಿ ವಾಪಸ್ ಎಂದು ಬರೆಸಿ, ಈ ಸಲ ನನ್ನ ಸಹಿಯನ್ನು ನಾನೇ ಹಾಕಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಅತ್ತರು. ನಿಮ್ಮನ್ನು ಹೆತ್ತವರು ಅತ್ತದ್ದನ್ನು ನಾನು ಇದೇ ಮೊದಲು ನೋಡಿದ್ದು. ನಿಮ್ಮ ಅಪ್ಪ ಹೋದಾಗಲೂ ಅವರು ಅತ್ತಿರಲಿಲ್ಲ. ಹೆಬ್ಬೂರಿನಲ್ಲಿ ಇಳಿಯುವಾಗ ನನ್ನ ಕೈ ಹಿಡಿದು, 'ಅವನ್ ಮಾತ್ ನಂಬ್ಕಂಡು ನಿನ್ನ ಏನೇನೋ ಅಂದ್ಬುಟ್ಟೆ, ಮನಸ್ಸಲ್ ಇಟ್ಕಬ್ಯಾಡ' ಅಂದರು. ನಾನು ಇಟ್ಟುಕೊಂಡಿಲ್ಲ. ಆದರೆ ನಿಮ್ಮದನ್ನು ಇಟ್ಟುಕೊಂಡಿದ್ದೇನೆ. ನೀವು ದುಡಿಯುವವರು, ದೂರದಲ್ಲಿ ಕಷ್ಟಪಡುವವರು, ಒಂದು ಮಾತು ಹೆಚ್ಚು ಕಡಿಮೆ ಬಂದರೆ ಸಹಿಸಬೇಕು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ನನ್ನನ್ನು ಒಬ್ಬಳನ್ನೇ ಒಂದು ದೇಶಕ್ಕೆ ತಳ್ಳಿ, ನೀವು ಇನ್ನೊಂದು ದೇಶದಲ್ಲಿದ್ದುಕೊಂಡು, ಮಗಳನ್ನು ಮೂರನೆಯ ಕಡೆ ಬಿಟ್ಟು, ಇದನ್ನು ಸಂಸಾರ ಸೆಟ್ಲ್ ಆಗುವುದು ಎಂದು ಹೇಗೆ ಕರೆದಿರಿ? ಮಗಳು ಬರುವ ಹಾಗಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಅವ್ವನ ಕಿವಿಯಲ್ಲಿ ಆ ಸುಳ್ಳು ಹೇಳಿ ಇಡುತ್ತಿರಲಿಲ್ಲ. ನನ್ನನ್ನು ಕಂಡರೆ ಆಗದಿದ್ದರೆ ಹಾಗೆಂದು ಹೇಳಬಹುದಿತ್ತು, ಕೇಳಿಸಿಕೊಳ್ಳುತ್ತಿದ್ದೆ. ಮಗಳನ್ನು ಇಲ್ಲವೆಂದು ಬರೆಸಿದ ಕೈ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಪುಟ್ಟಿಗೆ ಇದಾವುದೂ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಅಪ್ಪ ಯಾಕೆ ಫೋನ್ ಮಾಡುತ್ತಿಲ್ಲ ಎಂದು ಕೇಳುತ್ತಾಳೆ. ಅವಳಿಗಾದರೂ ಮಾಡಿ. ನನ್ನ ಕೈಗೆ ಕೊಡು ಎನ್ನಬೇಕಾಗಿಲ್ಲ. ಚಳಿಗಾಲದಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ, ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ. ನಮ್ಮ ಅಪ್ಪ ಅಮ್ಮ ನಿಮ್ಮನ್ನು ಕೇಳಿದ್ದಾರೆಂದು ಬರೆಯುವುದು ಪದ್ಧತಿ. ಈ ಸಲ ಅವರು ಕೇಳಿಲ್ಲ.

ಇಷ್ಟೇ,
ತೇಜಸ್ವಿನಿ

ಮರೆತದ್ದು: ಅಂಜನಮೂರ್ತಿ ಬಾಗಿಲಲ್ಲಿ ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಜರ್ಮನಿಯ ಆಸ್ಪತ್ರೆಯವರು ಕಳಿಸಿದ ಕೆಲಸದ ಕಾಗದಕ್ಕೆ ಗುರುವಾರ ಸಹಿ ಮಾಡಿದೆ. ಏಪ್ರಿಲ್‌ನಲ್ಲಿ ಹೊರಡುತ್ತೇನೆ. ಈ ವರ್ಷದ ಸ್ಕೂಲು ಮುಗಿಸಿ ಪುಟ್ಟಿಯೂ ನನ್ನ ಜೊತೆಗೇ ಬರುತ್ತಾಳೆ. ಅಲ್ಲಿಯವರೆಗೆ ಅತ್ತೆ ಇಲ್ಲೇ ಬಟವಾಡಿಯಲ್ಲಿ ನಮ್ಮ ಜೊತೆ ಇರುತ್ತಾರೆ. ಗಂಡ ಜೊತೆಗೆ ಬರುತ್ತಾರೆಯೇ ಎಂದು ಆ ಕಾಗದದಲ್ಲಿ ಕೇಳಿದ್ದರು, ಇಲ್ಲ ಎಂದು ಬರೆದಿದ್ದೇನೆ. ಆದರೆ ಪುಟ್ಟಿಯ ವೀಸಾಕ್ಕೆ ತಂದೆಯ ಒಪ್ಪಿಗೆ ಬೇಕು. ಕಾಗದ ಇದರ ಜೊತೆ ಇದೆ, ದೋಹಾದ ಜರ್ಮನ್ ರಾಯಭಾರ ಕಚೇರಿಯಲ್ಲಿ ಅಧಿಕಾರಿಯ ಮುಂದೆಯೇ ಸಹಿ ಮಾಡಿ, ಸೀಲ್ ಹಾಕಿಸಿ ಜನವರಿ ಹತ್ತರೊಳಗೆ ಕಳಿಸಿ. ಕಳಿಸದಿದ್ದರೆ ಕೋರ್ಟಿಗೆ ಹಾಕುತ್ತೇನೆ. ನಿನ್ನೆ ತುಮಕೂರಿನಲ್ಲಿ ವಕೀಲರನ್ನು ಕಂಡೆವು. ಗಂಡನ ಕಡೆಯವರಲ್ಲಿ ನಿಮ್ಮ ಪರ ಸಾಕ್ಷಿ ಹೇಳುವವರು ಯಾರೂ ಇರುವುದಿಲ್ಲವಲ್ಲಮ್ಮ ಎಂದು ಅವರು ಪೆನ್ನು ಮುಚ್ಚಿದರು. ಪಕ್ಕದಲ್ಲಿ ಕೂತಿದ್ದ ಅತ್ತೆ ಹೇಳಿದರು: 'ನಾನಿವ್ನಿ, ಬರ್ಕಳಿ ಸ್ವಾಮಿ. ಹನುಮಂತಮ್ಮ. ಅವನ ತಾಯಿ.'