ಹುಲ್ಲು ಬೆಳೆದ ಗುಡ್ಡೆಯ ಕಲ್ಲಿದ್ದಲು

ವಾಯುಮಾಲಿನ್ಯ ತಡೆ ಕಚೇರಿಯ ಮುಖ್ಯಾಧಿಕಾರಿಗಳೇ,

ನಮ್ಮೂರಿನ ವಿದ್ಯುತ್ ಸ್ಥಾವರ ಇಪ್ಪತ್ತೆರಡು ತಿಂಗಳಿಂದ ತೊಳೆಯದ ಕಲ್ಲಿದ್ದಲನ್ನು ಉರಿಸುತ್ತಿದೆ. ತಾವು ಪ್ರತಿ ತಿಂಗಳೂ ಅದನ್ನು ತೊಳೆದದ್ದೆಂದು ಒಪ್ಪಿ ಮೊಹರು ಒತ್ತುತ್ತಿದ್ದೀರಿ. ವಿಷಯವನ್ನು ಮೊದಲೇ ಹೇಳಿಬಿಟ್ಟೆ. ತಮ್ಮ ಕಚೇರಿಯಲ್ಲಿ ಯಾವ ಅರ್ಜಿಯೂ ಮೂರನೆಯ ಸಾಲು ದಾಟುವುದಿಲ್ಲವೆಂದು ಬಲ್ಲೆ.

ತೊಳೆಯುವುದೆಂದರೆ ಸೋಪು ಹಚ್ಚಿ ಉಜ್ಜುವುದಲ್ಲ. ಕಲ್ಲಿದ್ದಲನ್ನು ಪುಡಿ ಮಾಡಿ ನೀರಿನಲ್ಲಿ ಕುಲುಕಿದರೆ, ಗಂಧಕ ತುಂಬಿದ ಹಳದಿ ಹೊಳಪಿನ ಕಲ್ಲು ಭಾರಕ್ಕೆ ತಳ ಸೇರುತ್ತದೆ, ಹಗುರ ಕಲ್ಲಿದ್ದಲು ಮೇಲುಳಿಯುತ್ತದೆ. ಅಕ್ಕಿ ಗಾಳಿಸಿ ಕಲ್ಲು ತೆಗೆಯುವ ಹಾಗೆ. ಎಲ್ಲ ಗಂಧಕವೂ ಹೋಗುವುದಿಲ್ಲ, ಒಪ್ಪಿದೆ, ಅರ್ಧದಷ್ಟಾದರೂ ಹೋಗುತ್ತದೆ. ತೊಳೆಯದೆ ಬಿಟ್ಟರೆ ಅಷ್ಟೂ ಹೊಗೆಯಾಗಿ ನಮ್ಮ ಎದೆಗಿಳಿಯುತ್ತದೆ. ಇದನ್ನು ಎಲ್ಲೋ ಓದಿ ಹೇಳುತ್ತಿಲ್ಲ. ಆ ಸ್ಥಾವರದಲ್ಲಿ ಹದಿನಾರು ವರ್ಷದಿಂದ ಕಲ್ಲಿದ್ದಲಿನ ಮಾದರಿ ತೆಗೆದು ಪರೀಕ್ಷೆಗೆ ಕೊಡುವವನು ನಾನೇ.

ನಿಯಮದ ಪ್ರಕಾರ ಮಾದರಿಯನ್ನು ಕುಲುಮೆಗೆ ಕಲ್ಲಿದ್ದಲು ಒಯ್ಯುವ ಬೆಲ್ಟಿನ ಮೇಲಿಂದ ತೆಗೆಯಬೇಕು. ಆದರೆ ಓಡುವ ಬೆಲ್ಟಿಗೆ ಕೈ ಚಾಚುವವರು ಯಾರು? ನನಗಿಂತ ಹಿಂದಿನವನು ತೊಳೆಯುವ ಘಟಕದ ಪಕ್ಕ, ತೊಳೆದು ಸುರಿದ ಕಲ್ಲಿದ್ದಲಿನ ಗುಡ್ಡೆಯಿಂದ ತೆಗೆಯುತ್ತಿದ್ದ. ನಾನೂ ಕಲಿತದ್ದು ಅದನ್ನೇ. ಘಟಕ ನಡೆಯುವಾಗ ಎರಡೂ ಒಂದೇ ಆಗಿತ್ತು. ಒಂದು ದಿನ ಪಂಪು ಕೆಟ್ಟಿತು, ಘಟಕ ನಿಂತಿತು, ಗಣಿಯ ಕಲ್ಲಿದ್ದಲು ನೇರ ಬೆಲ್ಟಿಗೆ ಬೀಳತೊಡಗಿತು. ಗುಡ್ಡೆ ಮಾತ್ರ ಇದ್ದಲ್ಲೇ ಇತ್ತು. "ಸಾರ್, ಇನ್ನು ಎಲ್ಲಿಂದ ತೆಗೀಲಿ?" ಎಂದು ಮೇಲ್ವಿಚಾರಕರನ್ನು ಕೇಳಿದೆ. "ಇಷ್ಟು ವರ್ಷ ಎಲ್ಲಿಂದ ತೆಗೀತಿದ್ಯೋ ಅಲ್ಲಿಂದ್ಲೇ ತೆಗಿಯಪ್ಪ, ಹೊಸದಾಗಿ ತಲೆ ಓಡಿಸ್ಬೇಡ" ಅಂದರು. ತೆಗೆದೆ.

ಈಗ ಆ ಗುಡ್ಡೆಯ ಮೇಲೆ ಮೊಣಕಾಲೆತ್ತರ ಹುಲ್ಲು. ತಿಂಗಳಿಗೊಮ್ಮೆ ಹುಲ್ಲು ಸರಿಸಿ ಒಂದು ಬಕೆಟ್ ತುಂಬಿಕೊಳ್ಳುತ್ತೇನೆ, ಸಹಿ ಹಾಕುತ್ತೇನೆ, ತಾವು ಮೊಹರು ಒತ್ತುತ್ತೀರಿ. ಇಪ್ಪತ್ತೆರಡು ತಿಂಗಳಿಂದ ಅಲುಗಾಡದ ಕಲ್ಲಿದ್ದಲಿನಿಂದ ಊರಿಗೆಲ್ಲ ದೀಪ ಉರಿಯುತ್ತಿರುವುದು ಪವಾಡವಲ್ಲದೆ ಇನ್ನೇನು? ತಮ್ಮ ಇನ್ಸ್‌ಪೆಕ್ಟರು ಎರಡು ಸಲ ಬಂದು ನೋಡಿದರು. "ಪರವಾಗಿಲ್ಲರೀ, ಆವರಣ ಹಸಿರಾಗಿ ಇಟ್ಕೊಂಡಿದ್ದೀರಿ" ಎಂದು ಮೆಚ್ಚಿಕೊಂಡು ಹೋದರು.

ನನ್ನ ತಂಗಿ ಹೊಲಿಗೆಯವಳು. ಚಿಮಣಿಯಿಂದ ಎರಡು ಬೀದಿ ಆಚೆ, ಕೆಳಗೆ ಅಂಗಡಿ, ಮೇಲೆ ಮನೆ. ಒಂದು ವರ್ಷದಿಂದ ಅವಳಿಗೆ ಉಸಿರಾಟದ ತೊಂದರೆ. ಒಂದು ಕಾಲರು ಹೊಲಿಯುವಷ್ಟರಲ್ಲಿ ಮೂರು ಸಲ ಎದ್ದು ಕಿಟಕಿಯ ಬಳಿ ಹೋಗುತ್ತಾಳೆ. ಕಿಟಕಿ ತೆರೆದರೆ ಕೆಮ್ಮು ಇನ್ನೂ ಜೋರು. ಡಾಕ್ಟರು ಈ ಊರು ಬಿಡಿ ಅಂದರು. "ನಾನ್ಯಾಕೆ ಹೋಗ್ಲಿ? ಹೊಗೆ ಹೋಗ್ಲಿ" ಅಂದವಳೇ, ನನಗೂ ಹೇಳದೆ ತಮಗೆ ಅರ್ಜಿ ಬರೆದಳು. ಹದಿನೈದೇ ದಿನಕ್ಕೆ ತಮ್ಮ ಉತ್ತರ ಬಂತು, ಭೇಷ್! "ಗಂಧಕದ ಪ್ರಮಾಣ ಮಿತಿಯೊಳಗಿದೆ. ಅರ್ಜಿದಾರರು ಕಿಟಕಿಗಳನ್ನು ಮುಚ್ಚಿಟ್ಟುಕೊಳ್ಳುವುದು." ಆಧಾರಕ್ಕೆ ಪರೀಕ್ಷಾ ವರದಿಯನ್ನೂ ಲಗತ್ತಿಸಿದ್ದಿರಿ.

ಆ ಕಾಗದ ಹಿಡಿದು ಅವಳು ನಮ್ಮ ಮನೆಗೆ ಬಂದಳು. ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ಕಾಗದದ ಮೂಲೆಗೆ ಬೆರಳಿಟ್ಟು ಕೇಳಿದಳು:

"ಅಣ್ಣ, ಇದು ನಿನ್ನ ಸಹಿ ಅಲ್ವಾ?"

"ಹೌದು ಕಣೇ."

"ಇದ್ರಲ್ಲಿ ಬರ್ದಿರೋದು ನಿಜಾನಾ?"

ಕಾಗದ ಮಡಚಿ ಅವಳ ಕೈಗೇ ವಾಪಸು ಕೊಟ್ಟೆ. ನಾಲ್ಕು ಮಾತು ಬೈದಿದ್ದರೂ ಸಮಾಧಾನವಾಗುತ್ತಿತ್ತು. ನೀರು ಕೇಳಿದಳು, ಕುಡಿದಳು, ಹೋದಳು. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ನನಗೆ ನಾಚಿಕೆಯಾಗುತ್ತಿದೆ ಸ್ವಾಮೀ, ತಮಗೆ ಹೇಗೋ ತಿಳಿಯದು.

ಮರುದಿನ ಬೆಲ್ಟ್ ಐದು ನಿಮಿಷ ನಿಂತಾಗ ಅದರ ಮೇಲಿಂದಲೇ ಒಂದು ಬಕೆಟ್ ತೆಗೆದು ಪರೀಕ್ಷೆ ಮಾಡಿಸಿದೆ. ಗುಡ್ಡೆಯದ್ದಕ್ಕಿಂತ ಎರಡು ಪಟ್ಟು ಗಂಧಕ. ಆ ವರದಿಯನ್ನು ತಮಗೇ ಕಳಿಸಿದೆ. ತಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ: "ಮಾದರಿಯನ್ನು ರೂಢಿಯ ಸ್ಥಳದಿಂದ ತೆಗೆದಿಲ್ಲವಾದ್ದರಿಂದ ಪರಿಗಣಿಸಲು ಬರುವುದಿಲ್ಲ." ಅಬ್ಬಬ್ಬಾ! ನಿಯಮ ಮುರಿದ ಇಪ್ಪತ್ತೆರಡು ಬಕೆಟ್ ಸರಿ, ನಿಯಮ ಪಾಲಿಸಿದ ಒಂದೇ ಒಂದು ಬಕೆಟ್ ತಪ್ಪು! ಕುಲುಮೆಯಲ್ಲಿ ಉರಿಯುತ್ತಿರುವುದು ಬೆಲ್ಟಿನ ಮೇಲಿನದೋ, ಹುಲ್ಲಿನ ಕೆಳಗಿನದೋ? ಒಂದು ಪಂಪು ರಿಪೇರಿಯಾಗಲು ಇನ್ನೆಷ್ಟು ಜನ ಊರು ಬಿಡಬೇಕು?

ನನ್ನ ಸಹಿಯಿರುವ ಇಪ್ಪತ್ತೆರಡು ವರದಿಗಳನ್ನೂ ರದ್ದು ಮಾಡಿ. ಘಟಕ ಮತ್ತೆ ನಡೆಯುವವರೆಗೆ ಕುಲುಮೆ ಆರಿಸಿ. ತಪ್ಪಿತಸ್ಥರ ಪಟ್ಟಿಯಲ್ಲಿ ಮೊದಲನೆಯವನು ನಾನೇ ಆಗಲಿ, ತಕರಾರಿಲ್ಲ. ಎರಡನೆಯ ಸಾಲನ್ನು ಮಾತ್ರ ಖಾಲಿ ಬಿಡಬೇಡಿ.

ನಿನ್ನೆ ತಂಗಿಯ ಅಂಗಡಿಯ ಮುಂದೆ ಹಾದುಹೋದೆ. ಹೊಲಿಯದ ಬಟ್ಟೆಗಳನ್ನು ಗಿರಾಕಿಗಳಿಗೆ ವಾಪಸು ಕೊಡುತ್ತಿದ್ದಳು. ತಿಂಗಳ ಕೊನೆಗೆ ಹೊರಡುತ್ತಾಳಂತೆ. ಯಾರೋ ಹೇಳಿದರು, ಅವಳು ನನಗೆ ಹೇಳಲಿಲ್ಲ. ಅಷ್ಟರೊಳಗೆ ಅವಳ ಅರ್ಜಿಗೆ ಇನ್ನೊಂದು ಉತ್ತರ ಬರೆಯಿರಿ. ಉದ್ದವೇನೂ ಬೇಡ, 'ನೀವು ಹೇಳಿದ್ದು ನಿಜ' ಎಂದಿದ್ದರೆ ಸಾಕು. ಆ ಮಾತನ್ನು ಅವತ್ತು ನಾನು ಹೇಳಬೇಕಿತ್ತು, ಹೇಳಲಿಲ್ಲ.

ಇಂತಿ,
ತಮ್ಮ ಕಡತದಲ್ಲಿ ಈಗಾಗಲೇ ಇಪ್ಪತ್ತೆರಡು ಕಡೆ ಸಹಿ ಇರುವುದರಿಂದ ಇಲ್ಲಿ ಮತ್ತೆ ಹಾಕದ,
ಮಾದರಿ ತೆಗೆಯುವವನು