ನೀವ್ ಮೊದ್ಲ ಹೋಗ್ರಿ

ಧಾರವಾಡ,
ಜೂನ್ 33, ಕ್ರಿ.ಶ. 2219

ಇನ್ನೂ ಕೈಯಿಂದಲೇ ಬಂಡಿ ಓಡಿಸುತ್ತಿರುವ ನಮ್ಮ ಹಿರಿಯರಿಗೆ, ನೀಲಾಂಬಿಕಾ ಹಂಚಿನಮನಿ ಮಾಡುವ ಶರಣು.

ತಾರೀಖು ನೋಡಿ ಗಾಬರಿಯಾಗಬೇಡಿ. ನಾವು ಫೆಬ್ರವರಿಯನ್ನು ಕೈಬಿಟ್ಟು ಬಹಳ ಕಾಲವಾಯಿತು. ಯಾವಾಗಲೂ ದಿನ ಸಾಲದೆ ಕೊರಗುತ್ತಿದ್ದ ತಿಂಗಳು ಅದು. ಅದರ ದಿನಗಳನ್ನು ಉಳಿದ ತಿಂಗಳುಗಳಿಗೆ ಹಂಚಿ ಅದಕ್ಕೆ ವಿಶ್ರಾಂತಿ ಕೊಟ್ಟೆವು. ಇನ್ನು ನನ್ನ ಭಾಷೆಯ ಬಗ್ಗೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನಾನು ಇಲ್ಲಿನ ಹಳೇ ಸದ್ದುಗಳ ಸಂಗ್ರಹಾಲಯವನ್ನು ನೋಡಿಕೊಳ್ಳುವವಳು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿಮ್ಮ ರಸ್ತೆಗಳಲ್ಲಿ ಮುದ್ರಿಸಿಕೊಂಡ ಸದ್ದಿನಿಂದ. ಆದ್ದರಿಂದ ನಡುವೆ ಒಂದೆರಡು ಬೈಗುಳ ಜಾರಿದರೆ ಅದು ನನ್ನ ಸಂಸ್ಕಾರದ ದೋಷವಲ್ಲ, ನನ್ನ ಗುರುಗಳದ್ದು. ಆ ಗುರುಗಳು ನೀವೇ.

ಎಷ್ಟೋ ವರ್ಷ ನಿಮ್ಮನ್ನು ಕೇಳಿದ್ದೇನೆ. ದೀಪ ಇನ್ನೂ ಹಸಿರಾಗುವ ಮೊದಲೇ ಹಿಂದಿನವನು ಹಾರ್ನ್ ಒತ್ತುವುದು, ಎಡಕ್ಕೆ ಇಂಡಿಕೇಟರ್ ಹಾಕಿಕೊಂಡು ಬಲಕ್ಕೆ ಹೋಗುವುದು, ಆಟೋದವರು ಕಾಲು ಹೊರಗೆ ಚಾಚಿ ತಿರುಗುವ ಸೂಚನೆ ಕೊಡುವುದು, ಬಸ್ಸಿನವರು ನಡುರಸ್ತೆಯಲ್ಲಿ ನಿಲ್ಲಿಸಿ ಪರಿಚಯದವರ ಕ್ಷೇಮ ವಿಚಾರಿಸುವುದು, ಕಾರು ಹಿಂದಕ್ಕೆ ಹೋಗುವಾಗ ಭಜನೆ ಹಾಡುವುದು, ಎಲ್ಲ ನನಗೆ ಗೊತ್ತು. ಸಂಗ್ರಹಾಲಯಕ್ಕೆ ಬರುವ ಶಾಲೆಯ ಮಕ್ಕಳು ಹಾರ್ನ್ ಕೇಳಿ ಬಿದ್ದು ಬಿದ್ದು ನಗುತ್ತಾರೆ. ಆ ಗದ್ದಲದೊಳಗೆ ಇನ್ನೊಂದು ಸದ್ದೂ ಇದೆ, ನನಗೆ ಬಹಳ ಇಷ್ಟವಾದದ್ದು. ಯಾರೋ ಗುರುತಿಲ್ಲದವರು ಓಡುತ್ತಿರುವ ಬೈಕಿನಿಂದ ಅಕ್ಕಾ, ಸೈಡ್ ಸ್ಟ್ಯಾಂಡ್ ತಗೀರಿ, ಸೆರಗು ಗಾಲಿಗೆ ಸಿಗತೈತಿ ಎಂದು ಕೂಗಿ, ಉತ್ತರಕ್ಕೂ ಕಾಯದೆ ಹೋಗಿಬಿಡುತ್ತಾರೆ. ಅದನ್ನು ಮಕ್ಕಳಿಗೆ ಎರಡೆರಡು ಸಲ ಕೇಳಿಸುತ್ತೇನೆ.

ನಮ್ಮಲ್ಲಿ ಯಾರೂ ಬಂಡಿ ಓಡಿಸುವುದಿಲ್ಲ. ಪ್ರತಿ ಬಂಡಿಗೂ ಒಬ್ಬ ಸಾರಥಿ ಇರುತ್ತಾನೆ. ಸಾರಥಿ ಎಂದರೆ ಮನುಷ್ಯನಲ್ಲ, ಬಂಡಿಯ ಒಳಗಿರುವ ಬುದ್ಧಿ. ಅವನಿಗೆ ಹೊರಬಾಯಿ ಎಂಬುದೊಂದು ಇದೆ. ಅದರಿಂದ ಬೇರೆ ಬಂಡಿಗಳ ಜೊತೆ ಮಾತಾಡುತ್ತಾನೆ. ಈ ಸಾರಥಿಗಳಿಗೆ ನಡತೆ ಕಲಿಸಬೇಕಾದಾಗ ನಮ್ಮ ಹಿಂದಿನವರು ಮೊದಲು ರಸ್ತೆಗೆ ಕರೆದುಕೊಂಡು ಹೋದರಂತೆ. ಎರಡೇ ದಿನಕ್ಕೆ ಕೈಮುಗಿದು ವಾಪಸು ತಂದರಂತೆ. ನಿಮ್ಮ ಮೊಮ್ಮಕ್ಕಳ ಕಾಲದ ಮಾತು ಇದು, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಜಾಣನೊಬ್ಬನಿಗೆ ಹೊಳೆಯಿತು: ಇದೇ ಜನ ರಸ್ತೆಯಲ್ಲಿ ಹೀಗಾಡುತ್ತಾರೆ, ಮನೆಗೆ ಬಂದವರನ್ನು ಮಾತ್ರ ತಲೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಹಾಗಾದರೆ ಸಾರಥಿಗಳು ಮನೆಯಲ್ಲೇ ಕಲಿಯಲಿ ಎಂದು ಅವುಗಳನ್ನು ಊರೂರಿನ ಪಡಸಾಲೆಗಳಲ್ಲಿ, ಊಟದ ಪಂಕ್ತಿಗಳಲ್ಲಿ ಇಟ್ಟರು. ಬೆಂಗಳೂರಿನ ಸಾರಥಿಗಳು ಬೆಂಗಳೂರಿನ ಮನೆಗಳಲ್ಲಿ ಕಲಿತವು, ನಮ್ಮವು ಧಾರವಾಡದ ಮನೆಗಳಲ್ಲಿ. ಅಲ್ಲೇ ಎಡವಟ್ಟಾಯಿತು. ಬೆಂಗಳೂರಿನ ಸಾರಥಿ ಕ್ಷಮೆ ಕೇಳಿ ಮುಂದೆ ಹೋಗುತ್ತಾನೆ. ನಮ್ಮವನು ಕ್ಷಮೆ ಕೇಳಿ ಅಲ್ಲೇ ನಿಲ್ಲುತ್ತಾನೆ.

ನಮ್ಮ ಕಡೆ ಉಪಚಾರ ಎಂದರೆ ಏನೆಂದು ನಿಮಗೆ ಗೊತ್ತೇ ಇದೆ. ಸಾಕು ಎಂದು ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಹೋಳಿಗೆ ಜಾರಿಸುವ ಊರು ಇದು. ಅದೇ ಪಾಠ ರಸ್ತೆಗೆ ಇಳಿಯಿತು. ಎದುರಿಗೆ ಬಂದವರೆಲ್ಲ ಬೀಗರು. ಒಂದು ಬಂಡಿ ನೀವ್ ಮೊದ್ಲ ಹೋಗ್ರಿ ಎನ್ನುತ್ತದೆ. ಇನ್ನೊಂದು ಎಲ್ಲೈತ್ರಿ, ನೀವ ಮೊದ್ಲ ಎನ್ನುತ್ತದೆ. ಪಕ್ಕದ ಬಂಡಿ ಸುಮ್ಮನಿರದೆ ಚಾ ಆತೇನ್ರಿ ಎಂದು ಕೇಳುತ್ತದೆ. ಆಗಿಲ್ಲ ಎಂದರೆ ಮುಗಿಯಿತು ಕತೆ. ಬಂಡಿ ನಿಲ್ಲಿಸುವ ಜಾಗದಲ್ಲೂ ಇದೇ ಹಾಡು: ತಡವಾಗಿ ಬರುವವರಿಗೆ ಇರಲಿ ಎಂದು ಎಲ್ಲ ಬಂಡಿಗಳೂ ಬೇವಿನ ಮರದ ನೆರಳು ಬಿಟ್ಟು ಬಿಸಿಲಲ್ಲಿ ನಿಲ್ಲುತ್ತವೆ, ನೆರಳು ಇಡೀ ದಿನ ಖಾಲಿ. ಹೋದ ವರ್ಷ ಗದಗಿನ ಬಂಡಿಯೊಂದು ನನ್ನದನ್ನು ದಾಟಿ ಹೋಗಿ, ಪಾಪಪ್ರಜ್ಞೆ ತಡೆಯದೆ ತಿರುಗಿ ಬಂದು ನನ್ನ ಬಂಡಿಯನ್ನು ಮನೆಯವರೆಗೆ ಬಿಡಲು ಜೊತೆಗೆ ಬಂತು. ಮನೆತನಕ ಬಂದವರನ್ನು ಹಾಗೇ ಕಳಿಸುವುದುಂಟೆ? ನನ್ನ ಸಾರಥಿ ಅದನ್ನು ಊರ ಅಗಸಿ ಬಾಗಿಲಿನವರೆಗೆ ಬಿಡಲು ಹೋದ. ಅಲ್ಲಿಂದ ಇವನೊಬ್ಬನೇ ಹೇಗೆ ಹೋಗುತ್ತಾನೆ ಎಂದು ಅದು ಮತ್ತೆ ಇವನ ಹಿಂದೆ ಬಂತು. ಎರಡರ ಬ್ಯಾಟರಿಯೂ ಮುಗಿದು ನಿಂತಾಗಲೇ ನಮಗೆ ಬಿಡುಗಡೆ. ಒಳಗಿದ್ದ ಗದಗಿನವರು ಅಂದು ರಾತ್ರಿ ನಮ್ಮ ಮನೆಯಲ್ಲೇ ಉಂಡು ಮಲಗಿದರು. ಒಳ್ಳೆಯ ಜನ, ಅದು ಬೇರೆ ಮಾತು.

ಈಗ ಈ ಕಾಗದ ಬರೆಯಲು ಕಾರಣವಾದ ಸಂಗತಿಗೆ ಬರುತ್ತೇನೆ. ನನಗೆ ಅರವತ್ತಾರು ವಯಸ್ಸು. ಗಂಡ ತೀರಿಕೊಂಡು ಬಹಳ ವರ್ಷಗಳಾದವು. ಮಗಳು ಸುಗಲಾ ಜೊತೆಗಿದ್ದಾಳೆ. ಬೀಜದ ಅಂಗಡಿ ಇಟ್ಟಿರುವ ವಿರೂಪಾಕ್ಷ ಬೂದಿಹಾಳ ಎಂಬವರು ಸಂಜೆ ಸಂಗ್ರಹಾಲಯಕ್ಕೆ ಬಂದು ನನ್ನ ಜೊತೆ ಚಹಾ ಕುಡಿದು ಹೋಗುವುದು ರೂಢಿಯಾಗಿತ್ತು. ನಾವಿಬ್ಬರೂ ಏನೆಂದು ಯಾರೂ ಕೇಳಿರಲಿಲ್ಲ, ನಾವೂ ಕೇಳಿಕೊಂಡಿರಲಿಲ್ಲ. ಈ ಬೇಸಿಗೆಯಲ್ಲಿ ಅವರ ಎದೆಯ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ದವಾಖಾನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ಅಂಥ ರೋಗಿಯ ಹತ್ತಿರ ಮನೆಯವರು ಮಾತ್ರ ಇರಬೇಕು. ವಿರೂಪಾಕ್ಷರಿಗೆ ಮನೆಯವರೆಂದು ಯಾರೂ ಇಲ್ಲ. ಬಾಗಿಲಲ್ಲಿ ನನ್ನನ್ನು, ಇವರು ನಿಮಗೆ ಏನಾಗಬೇಕು ಎಂದು ಕೇಳಿದರು. ಸಂಜೆ ಜೊತೆಗೆ ಚಹಾ ಕುಡಿಯುತ್ತೇವೆ ಎಂದೆ. ಅದಕ್ಕೆ ಅವರಲ್ಲಿ ಜಾಗವಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು, ಒಬ್ಬನೇ ಕಣ್ಣು ಮುಚ್ಚಿಕೊಳ್ಳಲು ಹೆದರಿಕೆಯಾಗುತ್ತದೆ ಎಂದು ವಿರೂಪಾಕ್ಷ ಹೇಳಿದರು. ಅವರು ಅಂಥ ಮಾತು ಆಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಮದುವೆಯಾಗೋಣ ಎಂದೆ. ಅವರು ನಾಚಿಕೊಂಡರು. ನನಗೆ ನಗು ಬಂತು, ಅಳುವೂ ಬಂತು.

ಆಷಾಢಕ್ಕೆ ಮುಂಚೆ ಉಳಿದಿದ್ದದ್ದು ಒಂದೇ ಮುಹೂರ್ತ, ಅದೂ ನಡುಹಗಲಿನದು. ಆಷಾಢ ಹಿಡಿದ ಮೇಲೆ ಅಕ್ಕಿಕಾಳು ಹಾಕಿ ಮದುವೆ ಮಾಡಿಸುವುದಿಲ್ಲ ಎಂದು ನಮ್ಮ ಅಯ್ಯನವರು ಖಂಡಿತವಾಗಿ ಹೇಳಿದ್ದರು. ಶಸ್ತ್ರಚಿಕಿತ್ಸೆ ಆಷಾಢದಲ್ಲಿ. ಅಂದರೆ ಅಂದು ತಪ್ಪಿದರೆ ವಿರೂಪಾಕ್ಷ ಒಬ್ಬರೇ ಒಳಗೆ ಹೋಗಬೇಕು, ನಾನು ಗೇಟಿನ ಹೊರಗೆ. ಬೇಗ ಹೊರಡಲು ನಾನೇನು ಕಡಿಮೆ ಮಾಡಿರಲಿಲ್ಲ. ರೇಷ್ಮೆ ಸೀರೆ ಉಟ್ಟು, ಹೂವಿನ ದಂಡೆ ಮುಡಿದು, ಸುಗಲಾಳನ್ನೂ ಅವಸರ ಪಡಿಸಿ ಬಂಡಿ ಹತ್ತಿದ್ದೆ. ಅವರು ತಮ್ಮ ಮನೆಯಿಂದ, ನಾವು ನಮ್ಮ ಮನೆಯಿಂದ. ಮಂಟಪ ಇರುವುದು ಅಗಸಿ ಸರ್ಕಲ್ ದಾಟಿದ ಮೇಲೆ. ಅಲ್ಲಿ ನಮ್ಮ ಎರಡು ಬಂಡಿಗಳು ಎದುರುಬದುರಾದವು.

ಮದುಮಗಳ ಬಂಡಿ ಎಂದು ಅವರ ಸಾರಥಿ ನಿಂತ. ಬೀಗರ ಬಂಡಿ ಎಂದು ನನ್ನವನು ನಿಂತ. ಮದುವೆ ದಿಬ್ಬಣ ಎಂದು ಉಳಿದ ಎರಡೂ ರಸ್ತೆಗಳು ನಿಂತವು. ಬೂದಿಹಾಳ ಮನೆತನದ ಉಪಚಾರ ಮೊದಲೇ ಹೆಸರಾದದ್ದು; ಆ ಮನೆಯಲ್ಲಿ ಬೆಳೆದ ಸಾರಥಿಯ ಬಾಯಿ ಕೇಳಬೇಕೆ? ನೀವು ಹೆಣ್ಣಿನ ಕಡೆಯವರು, ನೀವು ಹೋಗದೆ ನಾವು ಒಂದು ಗಾಲಿ ಉರುಳಿಸುವುದಿಲ್ಲ ಎಂದ. ನನ್ನವನು ಗಂಡಿನ ಕಡೆಯವರ ಮರ್ಯಾದೆಯ ಬಗ್ಗೆ ಉದ್ದಕ್ಕೆ ಭಾಷಣ ಮಾಡಿದ. ಹಿಂದೆ ನಿಂತ ಬಂಡಿಗಳೆಲ್ಲ ಒಟ್ಟಿಗೆ ಶುಭ ಹಾರೈಸಿದವು. ನಡುರಸ್ತೆಯಲ್ಲಿ ಬಾಗಿಲು ತೆಗೆಯುವುದಿಲ್ಲ, ಅದು ಕಾನೂನು. ಕಿಟಕಿಯ ಗಾಜು ಮಾತ್ರ ಇಳಿಯುತ್ತದೆ. ಇಳಿದು ನಡೆಯೋಣವೆಂದರೆ ಅದೂ ಇಲ್ಲ. ನಾನು ಸಾರಥಿಗೆ ಬೇಡಿಕೊಂಡೆ, ಗದರಿದೆ, ಎದೆಯ ಶಸ್ತ್ರಚಿಕಿತ್ಸೆಯ ವಿಷಯವನ್ನೂ ಹೇಳಿದೆ. ಅವನು ಮರುಗಿ, ಹಾಗಾದರೆ ರೋಗಿಯ ಬಂಡಿಯೇ ಮೊದಲು ಹೋಗಬೇಕಲ್ಲ ಎಂದು ಇನ್ನೂ ಗಟ್ಟಿಯಾಗಿ ನಿಂತ. ಮಂಟಪದಿಂದ ಅಯ್ಯನವರು ಹೇಳಿ ಕಳಿಸುತ್ತಲೇ ಇದ್ದರು. ಎದುರಿನ ಕಿಟಕಿಯಲ್ಲಿ ವಿರೂಪಾಕ್ಷರ ಮುಖ ಕಾಣುತ್ತಿತ್ತು. ಬಾಸಿಂಗ ಕಟ್ಟಿಕೊಂಡು, ಬೆವರು ಒರೆಸಿಕೊಳ್ಳುತ್ತ, ನನಗೆ ಧೈರ್ಯ ಹೇಳುವವರಂತೆ ಕೈಯೆತ್ತಿದರು. ಸುಗಲಾ ನನ್ನ ಮೊಣಕೈ ಹಿಡಿದು ಹೇಳಿದಳು:

"ಅವ್ವಾ, ಇವತ್ತ ತಪ್ಪಿದ್ರ ನಿನ್ನ ಒಳಗ ಬಿಡಂಗಿಲ್ಲ. ಏನರ ಮಾಡು."

ಏನು ಮಾಡಲಿ? ನನಗೆ ಬರುವ ವಿದ್ಯೆ ಒಂದೇ, ನಿಮ್ಮಿಂದ ಕಲಿತದ್ದು. ಗಾಜು ಇಳಿಸಿದೆ, ದಂಡೆ ಜಾರುವುದನ್ನೂ ಲೆಕ್ಕಿಸದೆ ಅರ್ಧ ಮೈ ಹೊರಗೆ ಹಾಕಿದೆ, ಈ ಊರಿನ ರಸ್ತೆಯಲ್ಲಿ ನೂರು ವರ್ಷದಿಂದ ಯಾರೂ ಆಡದ ಮಾತನ್ನು ಗಂಟಲು ಹರಿಯುವಂತೆ ಕೂಗಿದೆ.

"ಏ, ರಸ್ತಾ ಏನ್ ನಿಮ್ಮಪ್ಪಂದೇನ್ಲೇ? ಸರಿ ಆ ಕಡೆ!"

ಸರ್ಕಲ್ ತಣ್ಣಗಾಯಿತು. ಉಪಚಾರ ಮಾಡುತ್ತಿದ್ದ ಅಷ್ಟೂ ಹೊರಬಾಯಿಗಳು ಅರ್ಧಕ್ಕೆ ನಿಂತವು. ಸುಗಲಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮದುವೆಗೆ ಮುಂಚೆಯೇ ಗಂಡನ ತಂದೆಯನ್ನು ನಡುಬೀದಿಗೆ ಎಳೆದಿದ್ದೆನಲ್ಲ. ವಿರೂಪಾಕ್ಷ ಬಹಳ ಮರ್ಯಾದಸ್ಥರು. ಇಷ್ಟು ವರ್ಷದಲ್ಲಿ ಒಂದು ದಿನವೂ ನನ್ನ ಹೆಸರಿನ ಮುಂದೆ ಅವರೇ ಎಂದು ಸೇರಿಸದೆ ಕರೆದವರಲ್ಲ. ಅವರೂ ಗಾಜು ಇಳಿಸಿದರು. ಬಾಸಿಂಗ ಸರಿಮಾಡಿಕೊಂಡು ತಲೆ ಹೊರಗೆ ಹಾಕಿದರು.

"ಹೌದ್ ನೋಡ, ನಮ್ಮಪ್ಪಂದ. ಏನ್ ಮಾಡ್ಕೋತಿ ಮಾಡ್ಕೋ!"

ಹೇಳಿ ಮುಗಿಸುವುದರೊಳಗೆ ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಆಮೇಲೆ ನಾನು ಅವರ ಕಣ್ಣು ಕಾಣುವುದಿಲ್ಲವೇ ಎಂದು ಕೇಳಿದೆ, ಅವರು ನನಗೆ ಲೈಸೆನ್ಸು ಕೊಟ್ಟವರು ಯಾರು ಎಂದು ವಿಚಾರಿಸಿದರು. ಲೈಸೆನ್ಸು ಎಂದರೆ ಏನೆಂದು ಅವರಿಗೂ ಗೊತ್ತಿಲ್ಲ. ನನ್ನ ಸಂಗ್ರಹಾಲಯದಲ್ಲಿ ಚಹಾ ಕುಡಿಯುತ್ತ ಕೇಳಿಸಿಕೊಂಡ ಮಾತು ಅದು. ನಾವು ಹೀಗೆ ಜಗಳವಾಡುತ್ತಿದ್ದಾಗ ಬಂಡಿಗಳು ಹೊರಟವು. ನನ್ನದು ಮೊದಲು, ಅವರದು ನನ್ನ ಬೆನ್ನಿಗೆ, ಆಮೇಲೆ ಉಳಿದವು, ಸರಾಗವಾಗಿ, ಯಾರೂ ಯಾರನ್ನೂ ಚಹಾ ಆಯಿತೇ ಎಂದು ಕೇಳದೆ. ಏನಾಯಿತೆಂದು ನಾನು ಸಾರಥಿಯನ್ನು ಕೇಳಿದೆ. ಅವನು ಸಹಜವಾಗಿ ಹೇಳಿದ್ದು ಇಷ್ಟು: ನಾವು ಕಲಿತ ಮನೆಗಳಲ್ಲಿ ಬಂದವರನ್ನು ಯಾರೂ ಬೈಯುತ್ತಿರಲಿಲ್ಲ, ಬೈಯುವುದು ಮನೆಯವರನ್ನು ಮಾತ್ರ. ನೀವು ಬೈದಿರಿ, ಅವರು ತಿರುಗಿ ಬೈದರು. ಮನೆಯವರ ನಡುವೆ ಉಪಚಾರ ಯಾಕೆ?

ಹಾರ್ನುಗಳ ನಡುವೆ ನೀವು ಒಬ್ಬರಿಗೊಬ್ಬರು ಕೂಗುತ್ತಿದ್ದ ಅಷ್ಟೂ ಮಾತುಗಳು ನನ್ನ ಕಿವಿಗೆ ಬಂದವು. ಗುರುತಿಲ್ಲದವನ ಅಪ್ಪನನ್ನು ಎಳೆದು ತರುತ್ತಿದ್ದವರು ನೀವು. ಅದೇ ಬಾಯಲ್ಲಿ ಗುರುತಿಲ್ಲದವಳ ಸೆರಗು ಗಾಲಿಗೆ ಸಿಗಬಾರದೆಂದು ಕೂಗುತ್ತಿದ್ದವರೂ ನೀವೇ. ನಿಮ್ಮನ್ನು ಒರಟರೆಂದು ಮಕ್ಕಳಿಗೆ ಇಷ್ಟು ವರ್ಷ ಹೇಳಿಕೊಂಡು ಬಂದೆನಲ್ಲ ಎಂದು ಕೆಡುಕೆನಿಸಿತು. ನೀವು ಒರಟರು ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬರಿಗೊಬ್ಬರು ಪರಕೀಯರಾಗಿರಲಿಲ್ಲ.

ಅಕ್ಕಿಕಾಳು ಬಿತ್ತು. ಮುಹೂರ್ತ ಮೀರಲು ಸ್ವಲ್ಪವೇ ಉಳಿದಿತ್ತು. ಅಯ್ಯನವರು ಮಂತ್ರವನ್ನು ಓಡಿಸಿದ ವೇಗಕ್ಕೆ ನಿಮ್ಮ ಬಸ್ಸಿನವರೂ ಹೆದರಬೇಕು. ಊಟದಲ್ಲಿ ನನಗೂ ಅವರಿಗೂ ಯಾರೂ ಎರಡನೆಯ ಸಲ ಹೋಳಿಗೆ ಹಾಕಲು ಬರಲಿಲ್ಲ, ನಮ್ಮ ಬಾಯಿಗೆ ಹೆದರಿ.

ದವಾಖಾನೆಯ ಬಾಗಿಲಲ್ಲಿ ಮತ್ತೆ ಅದೇ ಪ್ರಶ್ನೆ ಬಂದಾಗ, ನನ್ನ ಗಂಡ ಎಂದೆ. ಒಳಗೆ ಬಿಟ್ಟರು. ಅವರು ಕಣ್ಣು ಮುಚ್ಚುವವರೆಗೂ ಕೈ ಹಿಡಿದುಕೊಂಡಿದ್ದೆ, ತೆರೆದಾಗಲೂ ಹಿಡಿದುಕೊಂಡೇ ಇದ್ದೆ. ಎದೆ ಈಗ ಸರಿಯಾಗಿ ಹೊಡೆದುಕೊಳ್ಳುತ್ತಿದೆ, ಹೆದರಬೇಕಾದ್ದೇನೂ ಇಲ್ಲ ಎಂದು ವೈದ್ಯರು ಹೇಳಿದ್ದಾರೆ. ಇದನ್ನು ನಾನು ಬರೆಯುತ್ತಿರುವುದು ಅವರ ಮಂಚದ ಪಕ್ಕದಲ್ಲಿ ಕುಳಿತು. ಗೊರಕೆ ಹೊಡೆಯುತ್ತಿದ್ದಾರೆ, ಹಳೇ ಲಾರಿ ಗುಡ್ಡ ಹತ್ತಿದ ಹಾಗೆ. ಇಷ್ಟು ಒಳ್ಳೆಯ ಸದ್ದು ನನ್ನ ಸಂಗ್ರಹಾಲಯದಲ್ಲಿ ಒಂದೂ ಇಲ್ಲ.

ನಿಮ್ಮಲ್ಲಿ ನನ್ನ ವಿನಂತಿ ದೊಡ್ಡದೇನಲ್ಲ. ನಾಳೆ ಬೆಳಿಗ್ಗೆ ಯಾರಾದರೂ ಇಂಡಿಕೇಟರ್ ಹಾಕದೆ ನಿಮ್ಮ ಮುಂದೆ ನುಗ್ಗುತ್ತಾರೆ, ನುಗ್ಗದೆ ಇರುವುದಿಲ್ಲ. ಬೈಯಿರಿ, ಬೇಡ ಎನ್ನಲು ನಾನು ಯಾರು? ಗಟ್ಟಿಯಾಗಿ, ನಮ್ಮವರನ್ನು ಬೈದ ಹಾಗೆಯೇ ಬೈಯಿರಿ. ಬೈಯುತ್ತಲೇ ಒಂದಿಷ್ಟು ದಾರಿಯನ್ನೂ ಬಿಡಿ. ಆ ಕಿಟಕಿಯೊಳಗೆ ಯಾರೋ ಯಾರದೋ ಕೈ ಹಿಡಿದುಕೊಳ್ಳಲು ಹೊರಟಿರಬಹುದು, ಮತ್ತು ಅವರಿಗೆ ನಿಜವಾಗಿಯೂ ತಡವಾಗಿರಬಹುದು.

ನಿಮ್ಮ ಮನೆಯವಳೇ ಆದ
ನೀಲಾಂಬಿಕಾ ವಿರೂಪಾಕ್ಷ ಬೂದಿಹಾಳ